ಏಳು ದಿನ ಅರ್ಧರ್ಧ ಗಂಟೆ ಲೆಕ್ಕ ಬರೆದೆ. ‘ಪುರುಸೊತ್ತಿಲ್ಲ’ ಅನ್ನುವವರೆಲ್ಲ ಬನ್ನಿ

ಕುವೆಂಪುನಗರ_ಕಾಫಿ

ಎಲ್ಲರಿಗೂ ನಮಸ್ಕಾರ. ದಸರಾ ಸಮಯದಲ್ಲಿ ಮಂಡ್ಯದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ‘ವಸ್ತುಪ್ರದರ್ಶನಕ್ಕೆ ಹೋಗೋಣ ಬಾರೋ, ಮಕ್ಕಳೂ ಬರ್ತಾರೆ’ ಅಂದ. ‘ಪುರುಸೊತ್ತಿಲ್ಲ ಕಣೋ’ ಅಂದೆ. ಪಕ್ಕದಲ್ಲೇ ಮಗಳು ಕೂತಿದ್ದಳು. ಏನೂ ಮಾತಾಡದೆ ನನ್ನ ಫೋನ್ ಇಸಿದುಕೊಂಡು, ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ತೆರೆದು ಮುಖದ ಮುಂದೆ ಹಿಡಿದಳು. ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಅಷ್ಟರಲ್ಲೇ ಅವತ್ತು ಫೋನ್ ನೋಡಿದ್ದು 2 ಗಂಟೆ 50 ನಿಮಿಷ ಆಗಿತ್ತು. ‘ಅದು ಆಫೀಸಿನ ಮೆಸೇಜು’ ಅಂದೆ. ಅವಳು ಇನ್ನೂ ಕೆಳಗೆ ಸರಿಸಿದಳು. ಆಫೀಸಿನ ಮೆಸೇಜು 11 ನಿಮಿಷ.

ನಾನು ಲೆಕ್ಕಪತ್ರದ ಕೆಲಸದವನು. ಮೈಸೂರಿನ ಹೂಟಗಳ್ಳಿ ಕಡೆ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಹತ್ತು ರೂಪಾಯಿ ತಾಳೆ ಆಗದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಅಂಥವನು ದಿನಕ್ಕೆ ಮೂರು ಗಂಟೆ ಎಲ್ಲಿ ಖರ್ಚಾಯಿತು ಅಂತ ಗೊತ್ತಿಲ್ಲದೆ ಕೂತಿದ್ದೆನಲ್ಲ, ನಾಚಿಕೆ ಆಯಿತು.

ಕೇಂದ್ರ ಸರ್ಕಾರದವರು ‘ಸಮಯ ಬಳಕೆ ಸಮೀಕ್ಷೆ’ ಅಂತ ಮಾಡುತ್ತಾರೆ. ದೇಶದ ತುಂಬ ಮೊದಲ ಸಲ ಮಾಡಿದ್ದು 2019ರಲ್ಲಿ, ಎರಡನೇದು 2024ರಲ್ಲಿ. ಅವರ ದಿನ ಶುರುವಾಗುವುದು ಬೆಳಗಿನ ಜಾವ 4ಕ್ಕೆ, ಮುಗಿಯುವುದು ಮರುದಿನ 4ಕ್ಕೆ. ಅರ್ಧ ಗಂಟೆಗೆ ಒಂದು ಸಾಲು. ದಿನಕ್ಕೆ 48 ಸಾಲು. ನಾನು ಆ ವಿಧಾನವನ್ನೇ ಕದ್ದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಖಾಲಿ ಪುಟಗಳಿದ್ದವು. ಸೋಮವಾರದಿಂದ ಭಾನುವಾರದವರೆಗೆ ಬರೆದೆ. ಒಟ್ಟು 336 ಸಾಲು.

ನಿದ್ದೆ 94. ಆಫೀಸು 102. ಓಡಾಟ 12. ಸ್ನಾನ, ಊಟ, ತಿಂಡಿ, ಕಾಫಿ, ಪೇಪರು ಎಲ್ಲಾ ಸೇರಿ 42. ಮನೆಕೆಲಸ 11. ಫೋನು ಮತ್ತು ಟಿವಿ 53. ಉಳಿದ 22ರಲ್ಲಿ ಮಾರ್ಕೆಟ್ಟು, ದೇವಸ್ಥಾನ, ಯಾರದೋ ಗೃಹಪ್ರವೇಶ, ಸ್ಕೂಟರ್ ರಿಪೇರಿ.

53 ಅಂದರೆ ಇಪ್ಪತ್ತಾರೂವರೆ ಗಂಟೆ. ಇಷ್ಟು ಬಿಡುವು ನನಗಿದೆ ಅಂತ ಯಾರಾದರೂ ಹೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ. ಯಾಕೆ ಗೊತ್ತಾಗಲಿಲ್ಲ ಅಂದರೆ, ಅದೆಲ್ಲ ಚೂರುಚೂರು. ಊಟ ಆದಮೇಲೆ ಒಂದು ಸಾಲು. ಮಲಗುವ ಮುಂಚೆ ಎರಡು. ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಒಂದು. ಇಡೀ ವಾರದಲ್ಲಿ ಒಂದೇ ಸಮ ಸಿಕ್ಕಿದ ಬಿಡುವು ಅಂದರೆ ಮೂರು ಸಾಲು, ಅದೂ ಕ್ರಿಕೆಟ್ ಇತ್ತು ಅಂತ.

ಬುಧವಾರ ರಾತ್ರಿ 8:30ರ ಸಾಲು ಹೇಳುತ್ತೇನೆ ಕೇಳಿ. ಗ್ಯಾಸ್ ಬುಕ್ ಮಾಡೋಣ ಅಂತ ಫೋನ್ ತೆಗೆದೆ. ಯಾರೋ ಒಬ್ಬ ತುಕ್ಕು ಹಿಡಿದ ಮಚ್ಚನ್ನು ಉಜ್ಜಿ ಉಜ್ಜಿ ಹೊಳಪು ತರಿಸುವ ವಿಡಿಯೋ ಬಂತು. ಮಾತಿಲ್ಲ, ಕತೆಯಿಲ್ಲ, ಬರೀ ಉಜ್ಜುವ ಸದ್ದು. 18 ನಿಮಿಷ ನೋಡಿದ್ದೇನೆ. ಗ್ಯಾಸ್ ಬುಕ್ ಆಗಲಿಲ್ಲ. ನಮ್ಮನೆ ಈಳಿಗೆಮಣೆ ಮೊಂಡಾಗಿ ಆರು ತಿಂಗಳಾಗಿದೆ, ಅದಕ್ಕೆ ಸಾಣೆ ಹಿಡಿಸಲು ‘ಪುರುಸೊತ್ತಿಲ್ಲ’.

ನಿಮ್ಮ ಲೆಕ್ಕ ಹೇಗಿದೆ? ಬರೆದು ನೋಡಿದವರು ಯಾರಾದರೂ ಇದ್ದೀರಾ?

ಸುಮ್ನೆ_ಬಂದೆ

ಗುರುವೇ, ನಿಮ್ಮ ಪೋಸ್ಟ್ ಓದಿದ ಈ ಸಮಯ ಯಾವ ಕಾಲಂಗೆ ಹಾಕಲಿ? ಆಫೀಸಿನಲ್ಲಿ ಕೂತು ಓದಿದ್ದೇನೆ.

ಕೆರೆ_ಏರಿ

ನಾನು ನಿವೃತ್ತ ಮೇಷ್ಟ್ರು, ಹಾಗಾಗಿ ಸ್ವಲ್ಪ ಪಾಠ ಸಹಿಸಿಕೊಳ್ಳಿ.

ಅರ್ಧ ಗಂಟೆಗೊಂದು ಸಾಲು ಅಂದಿರಲ್ಲ, ನಮ್ಮ ಹಳೇ ಲೆಕ್ಕವೂ ಹೆಚ್ಚು ಕಡಿಮೆ ಅಷ್ಟೇ. ಒಂದು ಘಳಿಗೆ ಅಂದರೆ 24 ನಿಮಿಷ. ದಿನಕ್ಕೆ 60 ಘಳಿಗೆ. ಏಳೂವರೆ ಘಳಿಗೆ ಸೇರಿದರೆ ಒಂದು ಜಾವ, ಅಂದರೆ ಮೂರು ಗಂಟೆ. ನಮ್ಮಜ್ಜಿ ‘ಒಂದು ಘಳಿಗೆ ಕೂತ್ಕೊಂಡು ಹೋಗಪ್ಪ’ ಅಂದರೆ ನಿಜವಾಗಲೂ ಕಾಫಿ ಕುಡಿದು ನಾಲ್ಕು ಮಾತಾಡುವಷ್ಟು ಹೊತ್ತು. ಈಗ ‘ಒಂದ್ನಿಮಿಷ’ ಅನ್ನುತ್ತಾರೆ. ನಿಮಿಷಕ್ಕೆ ಮನೆಗೆ ಬರುವವರು ಯಾರು, ಬಂದರೂ ಏನು ಮಾತಾಡುವುದು!

ಇನ್ನೊಂದು ಮಾತು. ಪುರುಸೊತ್ತು ಅನ್ನುವ ಪದ ‘ಫುರ್ಸತ್’ನಿಂದ ಬಂದದ್ದು, ಹೊರಗಿನದು. ನಮ್ಮದು ಬಿಡುವು. ಬಿಡು ಅನ್ನುವುದೇ ಅದರ ಬೇರು. ಏನನ್ನಾದರೂ ಬಿಟ್ಟರೆ ತಾನೇ ಬಿಡುವು?

ನನ್ನ ಕಷ್ಟ ನಿಮ್ಮದಕ್ಕೆ ತದ್ವಿರುದ್ಧ. ರಿಟೈರ್ ಆದ ಮೊದಲ ಆರು ತಿಂಗಳು ಹೊತ್ತೇ ಹೋಗುತ್ತಿರಲಿಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಬಂದರೆ ಇನ್ನೂ ಏಳೂಕಾಲು. ಪೇಪರು ಎರಡೆರಡು ಸಲ, ಟೆಂಡರ್ ನೋಟೀಸು ಸಹಿತ ಓದಿ ಮುಗಿಸುತ್ತಿದ್ದೆ. ಹನ್ನೊಂದಕ್ಕೆ ಅಡುಗೆಮನೆ ಬಾಗಿಲಲ್ಲಿ ನಿಂತು ‘ಇವತ್ತೇನು ಹುಳಿ?’ ಅಂತ ಕೇಳಿ ಬೈಸಿಕೊಳ್ಳುತ್ತಿದ್ದೆ. ಮೈಸೂರನ್ನು ಪಿಂಚಣಿದಾರರ ಸ್ವರ್ಗ ಅನ್ನುತ್ತಾರೆ. ಸ್ವರ್ಗದಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ.

ಮೂರನೇ_ವಿಷಲ್

ಕುವೆಂಪುನಗರ ಸರ್, ಒಂದು ಪ್ರಶ್ನೆ. ನಿಮ್ಮ ‘ಊಟ, ತಿಂಡಿ, ಕಾಫಿ’ 42 ಸಾಲು ಇದೆ. ಅದನ್ನು ಮಾಡಿ ಇಟ್ಟವರ ಸಾಲು ಎಷ್ಟು? ಅದನ್ನು ಎಲ್ಲೂ ಬರೆದಿಲ್ಲ.

ನೀವು ಹೇಳಿದ ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ ಕೇಳಿ. ಸಂಬಳವಿಲ್ಲದ ಮನೆಕೆಲಸಕ್ಕೆ, ಆ ಕೆಲಸ ಮಾಡುವವರ ಸರಾಸರಿ ತೆಗೆದರೆ, 2024ರಲ್ಲಿ ಹೆಂಗಸರದು ದಿನಕ್ಕೆ 289 ನಿಮಿಷ, ಗಂಡಸರದು 88 ನಿಮಿಷ. 2019ರಲ್ಲಿ 299 ಮತ್ತು 97 ಇತ್ತು. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಕಡಿಮೆಯಾಯಿತು. ಅಬ್ಬಾ ಅಂತ ಉಸಿರು ಬಿಡುವಷ್ಟರಲ್ಲಿ ನೋಡಿದರೆ ಗಂಡಸರಿಗೂ ಒಂಬತ್ತು ನಿಮಿಷ ಕಡಿಮೆ! ಮಕ್ಕಳು, ವಯಸ್ಸಾದವರನ್ನು ನೋಡಿಕೊಳ್ಳುವುದು ಇದರಲ್ಲಿ ಸೇರಿಲ್ಲ, ಅದು ಬೇರೆ ಪಟ್ಟಿ.

ನನಗೆ ಇಷ್ಟವಾಗಿದ್ದು ಇನ್ನೊಂದು ವಿಷಯ. ಒಂದೇ ಅರ್ಧ ಗಂಟೆಯಲ್ಲಿ ಎರಡು ಮೂರು ಕೆಲಸ ಮಾಡಿದರೆ ಅವನ್ನೂ ಬರೆದುಕೊಳ್ಳುತ್ತಾರೆ, ಮೂರರವರೆಗೆ. ಆ ಜಾಗ ಇಟ್ಟವರಿಗೆ ಕೈ ಮುಗಿಯಬೇಕು. ನಿನ್ನೆಯ ನನ್ನ ಒಂದು ಸಾಲು ಹೀಗಿದೆ.

ಸಂಜೆ 4:00–4:30. ಧಾರಾವಾಹಿ ನೋಡಿದೆ. ಅವರೆಕಾಳು ಹಿದುಕಿದೆ. ಅತ್ತೆಗೆ ಕಣ್ಣಿನ ಡ್ರಾಪ್ಸ್ ಹಾಕಿದೆ.

ಇದರಲ್ಲಿ ಯಾವುದು ಮುಖ್ಯ ಕೆಲಸ ಹೇಳಿ. ನಮ್ಮನೆಯವರನ್ನು ಕೇಳಿದರೆ ‘ನಾಲ್ಕು ಗಂಟೆಗೆ ಅವಳು ಆರಾಮಾಗಿ ಟಿವಿ ನೋಡ್ತಿರ್ತಾಳೆ’ ಅನ್ನುತ್ತಾರೆ. ನಾನು ಹೇಳುವುದಾದರೆ, ಒಂದು ಕೆಜಿ ಕಾಳು ಹಿದುಕಲು ಎರಡು ಕಂತು ಬೇಕು. ಕೈ ನೀರಲ್ಲೇ ಇರುತ್ತದೆ. ಬೆರಳ ತುದಿ ಸುಕ್ಕಾಗಿ ಹೋಗುತ್ತದೆ. ಟಿವಿ ಇಲ್ಲದಿದ್ದರೆ ಆ ಕೆಲಸ ಮಾಡಲು ಆಗುವುದೇ ಇಲ್ಲ. ಅಂದಮೇಲೆ ಅದು ಬಿಡುವೋ, ಕೆಲಸ ಸಾಗಿಸುವ ಉಪಾಯವೋ?

ನನ್ನದು ಅಂತ ಇರುವ ಸಾಲೆಲ್ಲ ಹೀಗೆ ‘ಜೊತೆಗೆ’ ಕಾಲಂನಲ್ಲೇ ಇದೆ.

ಕುವೆಂಪುನಗರ_ಕಾಫಿ

ಮೇಡಂ, ನಿಮ್ಮ ಕಾಮೆಂಟ್ ಓದಿ ನೋಟ್‌ಬುಕ್ಕನ್ನು ನಮ್ಮನೆಯವಳಿಗೆ ಕೊಟ್ಟೆ. ಅವಳು ಒಂದು ದಿನ ಬರೆದಳು. ಎರಡನೇ ದಿನ ‘ಇದನ್ನು ಬರೆಯುವುದೇ ಒಂದು ಕೆಲಸ, ಇದನ್ನು ಯಾವ ಸಾಲಲ್ಲಿ ಬರೀಲಿ?’ ಅಂತ ವಾಪಸ್ ಕೊಟ್ಟಳು.

ಆ ಒಂದು ದಿನದಲ್ಲಿ ಬರೀ ತನಗೆ ಅಂತ ಇದ್ದ ಸಾಲು ಒಂದು. ರಾತ್ರಿ 10:30. ಅದಕ್ಕೂ ಮುಂದೆ ‘ಯೂನಿಫಾರ್ಮ್ ಒಣಗಿದೆಯಾ ನೋಡಿದೆ’ ಅಂತ ಇದೆ.

ಸುಮ್ನೆ_ಬಂದೆ

ಸರ್ ಈಗ ನೋಟ್‌ಬುಕ್ ಎಲ್ಲಿದೆ? ಬಚ್ಚಿಡಿ.

ಪಾಸ್_ಗ್ಯಾಂಗ್

ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು ನಾನು. ತಿಂಗಳ ಪಾಸು. ಹನ್ನೆರಡು ವರ್ಷ ಆಯಿತು. ನಮ್ಮ ಓಡಾಟದ ಸಾಲನ್ನು ನಿಮ್ಮ ಹಾಗೆ ಸುಮ್ನೆ ‘ಓಡಾಟ’ ಅಂತ ಬರೆದರೆ ಮೋಸ ಆಗುತ್ತದೆ.

ಬೆಳಿಗ್ಗೆ ಒಂದೂವರೆ ಗಂಟೆ ಆಸುಪಾಸು. ಮದ್ದೂರಿನವರೆಗೆ ನಿದ್ದೆ. ಮದ್ದೂರಲ್ಲಿ ವಡೆ ಬಂದರೆ ಎಚ್ಚರ. ಅಲ್ಲಿಂದ ಹರಟೆ. ಬ್ಯಾಂಕಿನವರು, ಸೆಕ್ರೆಟರಿಯೇಟಿನವರು, ಗಾರ್ಮೆಂಟ್ಸಿನ ಅಕ್ಕಂದಿರು, ಎಲ್ಲಾ ಗೊತ್ತಿರುವವರೇ. ಒಬ್ಬರು ಮಗಳ ಮದುವೆ ಪತ್ರಿಕೆಯ ವಿಳಾಸವೆಲ್ಲ ರೈಲಿನಲ್ಲೇ ಬರೆದು ಮುಗಿಸಿದರು. ಸಂಜೆ ಬರುವಾಗ ಒಂದು ಕಡೆ ಭಜನೆ, ಇನ್ನೊಂದು ಕಡೆ ಸೂಟ್‌ಕೇಸ್ ಮೇಲೆ ಟವೆಲ್ ಹಾಸಿ ಇಸ್ಪೀಟು.

2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತಲ್ಲ, ಆಮೇಲೆ ನಾವು ನಾಲ್ಕು ಜನ ಸೇರಿ ಕಾರಲ್ಲಿ ಹೋಗಲು ಶುರು ಮಾಡಿದೆವು. ಸಮಯ ಉಳಿಯುತ್ತದೆ ಅಂತ. ಮಂಡ್ಯದಿಂದ ಕೆಂಗೇರಿಗೆ ಹಕ್ಕಿ ಹಾರಿದ ಹಾಗೆ ಹೋಗುತ್ತಿದ್ದೆವು. ಕೆಂಗೇರಿ ದಾಟಿದ ಮೇಲೆ ಉಳಿಸಿದ್ದನ್ನೆಲ್ಲ ಸಿಗ್ನಲ್ಲಿಗೆ ಕೊಟ್ಟೆವು. ನಿದ್ದೆ ಹೋಯಿತು, ವಡೆ ಹೋಯಿತು, ಇಸ್ಪೀಟು ಹೋಯಿತು. ಕಾರು ಓಡಿಸುವ ಸರದಿ ಬಂದವನಿಗೆ ಮನೆ ತಲುಪಿದಾಗ ಕತ್ತೇ ತಿರುಗುತ್ತಿರಲಿಲ್ಲ. ಮೂರು ತಿಂಗಳಿಗೆ ವಾಪಸ್ ಪಾಸ್ ಮಾಡಿಸಿದೆ. ದಿನಕ್ಕೆ ಎಷ್ಟೋ ನಿಮಿಷ ಜಾಸ್ತಿ ಹೋಗುತ್ತದೆ, ಹೋಗಲಿ ಬಿಡಿ.

ಮೂರನೇ_ವಿಷಲ್

ಗಾರ್ಮೆಂಟ್ಸಿನ ಅಕ್ಕಂದಿರು ಇಸ್ಪೀಟು ಆಡುತ್ತಾರಾ?

ಪಾಸ್_ಗ್ಯಾಂಗ್

ಇಲ್ಲ ಮೇಡಂ. ಸಂಜೆ ರೈಲಲ್ಲಿ ಸೊಪ್ಪು ಬಿಡಿಸುತ್ತಿರುತ್ತಾರೆ. ನೀವು ಕೇಳಿದ ಮೇಲೆ ಈಗ ಹೊಳೆಯಿತು.

ಓದುಮನೆ

ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ ಕಾಂಪಿಟೇಟಿವ್ ಪರೀಕ್ಷೆಗೆ ಓದುತ್ತಿದ್ದೇನೆ. ಮೂರನೇ ವರ್ಷ. ರೂಮಿನ ಗೋಡೆ ತುಂಬ ಟೈಮ್ ಟೇಬಲ್. ಐದು ಬಣ್ಣದ ಸ್ಕೆಚ್ ಪೆನ್ನಲ್ಲಿ ಬರೆದದ್ದು. ಇತಿಹಾಸ ಹಸಿರು, ಅರ್ಥಶಾಸ್ತ್ರ ನೀಲಿ. ಒಂದೊಂದು ಟೇಬಲ್ ಬರೆಯಲು ಅರ್ಧ ದಿನ ಹಿಡಿಯುತ್ತದೆ. ಎರಡು ದಿನ ಪಾಲಿಸುತ್ತೇನೆ. ಮೂರನೇ ದಿನ ಹೊಸದು ಬರೆಯುತ್ತೇನೆ.

ನಿಮ್ಮದನ್ನು ಓದಿ ಉಲ್ಟಾ ಮಾಡಿದೆ. ಮುಂದೆ ಏನು ಮಾಡಬೇಕು ಅಂತ ಬರೆಯುವುದು ಬಿಟ್ಟು, ಏನು ಮಾಡಿದೆ ಅಂತ ಮಾತ್ರ ಬರೆದೆ. ನಾಲ್ಕು ದಿನ. ದಿನಕ್ಕೆ ಹನ್ನೆರಡು ಗಂಟೆ ಓದುತ್ತೇನೆ ಅಂತ ಅಪ್ಪನಿಗೆ ಹೇಳಿದ್ದೆ. ನಿಜವಾಗಿ ಪುಸ್ತಕದ ಮೇಲೆ ಕಣ್ಣಿದ್ದದ್ದು ಐದೂವರೆ. ಉಳಿದದ್ದು ರೀಡಿಂಗ್ ರೂಮಲ್ಲಿ ಕೂತಿರುವುದು, ಬೈಟೂ ಟೀ, ‘ಕಟಾಫ್ ಎಷ್ಟು ಬರಬಹುದು ಮಗಾ’ ಅನ್ನುವ ಚರ್ಚೆ. ಕಟಾಫ್ ಚರ್ಚೆಯೇ ಒಂದು ದಿನ ಎರಡು ಗಂಟೆ.

ಒಂದು ವಿಚಿತ್ರ ಏನು ಅಂದರೆ, ಈ ನಾಲ್ಕು ದಿನದಲ್ಲಿ ‘ಬಿಡುವು’ ಅಂತ ಒಂದು ಸಾಲೂ ಬರೆಯಲು ಧೈರ್ಯ ಆಗಲಿಲ್ಲ. ಸಿನಿಮಾ ನೋಡಿದರೂ ಒಳಗೆ ಸಿಲಬಸ್ ಓಡುತ್ತಿರುತ್ತದೆ. ಓದುವಾಗ ಸಿನಿಮಾ ಓಡುತ್ತಿರುತ್ತದೆ. ಎರಡಕ್ಕೂ ಟಿಕೆಟ್ ತಗೊಂಡು ಬಾಗಿಲಲ್ಲೇ ನಿಂತ ಹಾಗೆ.

ಕೆರೆ_ಏರಿ

ಓದುಮನೆ, ಮಗು, ಐದೂವರೆ ಗಂಟೆ ನಿಜವಾಗಿ ಓದಿದರೆ ಅದು ಕಡಿಮೆ ಏನಲ್ಲ. ಮೂವತ್ತು ವರ್ಷ ಪಾಠ ಮಾಡಿದವನು ಹೇಳುತ್ತಿದ್ದೇನೆ. ಅಪ್ಪನಿಗೆ ನಿಜ ಹೇಳು. ಆ ಉಳಿದ ಆರೂವರೆ ಗಂಟೆಯ ಭಯ ಮೊದಲು ಇಳಿಯಲಿ. ಸಂಜೆ ಐದೂವರೆಗೆ ಕೆರೆ ಕಡೆ ಬಾ, ಕ್ಯಾಂಪಸ್ಸಿನ ಪಕ್ಕದಲ್ಲೇ ಇದೆ. ಕಟಾಫ್ ಬಗ್ಗೆ ಮಾತಾಡುವ ಹಾಗಿಲ್ಲ. ಈ ತಿಂಗಳು ಹೆಜ್ಜಾರ್ಲೆ ಹಕ್ಕಿ ತುಂಬ ಬಂದಿವೆ.

ಹಿಪ್ಪುನೇರಳೆ

ನಾನು ಮದ್ದೂರು ತಾಲ್ಲೂಕು, ರೇಷ್ಮೆ ಬೆಳೆಗಾರ. ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಲು ಈಗ ಆಯಿತು. ಯಾಕೆ ಈಗ ಅಂತ ಕೊನೆಗೆ ಹೇಳುತ್ತೇನೆ.

ನಿಮ್ಮ ಅರ್ಧ ಗಂಟೆ ಲೆಕ್ಕ ಸಂಬಳದವರಿಗೆ ಸರಿ ಅಣ್ಣ. ನಮ್ಮ ಕಡೆ ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇರುವುದಿಲ್ಲ. ಚಾಕಿ, ಅಂದರೆ ಮರಿಹುಳ ಸಾಕುವ ಹಂತ, ಮುಗಿದ ಹುಳ ತರುತ್ತೇವೆ, ಎರಡು ಜ್ವರ ಎದ್ದಿರುತ್ತವೆ. ಜ್ವರ ಅಂದರೆ ಕಾಯಿಲೆ ಅಲ್ಲ, ಪೇಟೆಯವರಿಗೆ ಹೇಳುತ್ತೇನೆ. ಹುಳ ಪೊರೆ ಬಿಡುವ ಸಮಯ. ಆಗ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಕೂತುಬಿಡುತ್ತದೆ. ಆಮೇಲೆ ಮೂರನೇ ಜ್ವರ, ನಾಲ್ಕನೇ ಜ್ವರ. ನಾಲ್ಕನೇ ಜ್ವರ ಎದ್ದಿತೋ, ಮುಗಿಯಿತು. ಮುಂದಿನ ಒಂದು ವಾರ ಅದಕ್ಕೆ ಬಕಾಸುರನ ಹಸಿವು. ಬದುಕಿಡೀ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದೇ ವಾರದಲ್ಲಿ. ಹುಳದ ಮನೆ ಒಳಗೆ ನಿಂತರೆ ಸೊಪ್ಪು ತಿನ್ನುವ ಸದ್ದು ತೆಂಗಿನ ಗರಿ ಮೇಲೆ ಜಡಿಮಳೆ ಬಿದ್ದ ಹಾಗೆ ಕೇಳುತ್ತದೆ. ಆ ವಾರ ನಮ್ಮನೆಯಲ್ಲಿ ಯಾರೂ ಸರಿಯಾಗಿ ಕೂತು ಉಣ್ಣುವುದಿಲ್ಲ. ಮದುವೆಗೆ ಕರೆದರೆ ಹೋಗುವುದಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ರಾತ್ರಿಯೇ ಎದ್ದು ತೋಟಕ್ಕೆ ನೀರು. ಹಣ್ಣಾದ ಹುಳ ಆಯ್ದು ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಟ್ಟ ಮೇಲೆ ಕೈಕಾಲು ನಮ್ಮದು ಅಂತ ಅನಿಸುತ್ತದೆ. ಆಮೇಲೆ ಗೂಡು ಬಿಡಿಸಿ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ ಬಂದರೆ ನಾಲ್ಕು ದಿನ ಅರಳಿಕಟ್ಟೆ.

ಈ ನಾಲ್ಕು ದಿನ ನೋಡಿದ ಬೆಂಗಳೂರಿನ ನೆಂಟರು ‘ಹಳ್ಳಿಯವರಿಗೆ ಏನಪ್ಪಾ, ಕಟ್ಟೆ ಮೇಲೆ ಕೂತಿರ್ತಾರೆ’ ಅನ್ನುತ್ತಾರೆ. ಸಮೀಕ್ಷೆಯವರು ಯಾವ ದಿನ ಬಂದರು ಅನ್ನುವುದರ ಮೇಲೆ ನಾನು ಸೋಮಾರಿಯೋ ಎತ್ತೋ ತೀರ್ಮಾನ ಆಗುತ್ತದೆ.

ಈಗ ಬರೆಯಲು ಪುರುಸೊತ್ತು ಹೇಗೆ ಸಿಕ್ಕಿತು ಅಂದರೆ, ಹುಳ ನಾಲ್ಕನೇ ಜ್ವರಕ್ಕೆ ಕೂತಿದೆ. ಸುಣ್ಣದ ಪುಡಿ ಉದುರಿಸಿ ಬಂದಿದ್ದೇನೆ. ನಾಳೆ ಈ ಹೊತ್ತಿಗೆ ಏಳುತ್ತದೆ. ಅಲ್ಲಿಯವರೆಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ.

ಸುಮ್ನೆ_ಬಂದೆ

ನಮ್ಮ ಮ್ಯಾನೇಜರಿಗೂ ಹೀಗೆ ಜ್ವರ ಬರುವ ವ್ಯವಸ್ಥೆ ಇದ್ದಿದ್ದರೆ.

ಮೂರನೇ_ವಿಷಲ್

ಹಿಪ್ಪುನೇರಳೆ ಅಣ್ಣ, ಗೂಡು ಮಾರಿದ ಮೇಲೆ ಆ ನಾಲ್ಕು ದಿನ ಅತ್ತಿಗೆಯೂ ಅರಳಿಕಟ್ಟೆಗೆ ಬರುತ್ತಾರಾ? (ಜಗಳಕ್ಕಲ್ಲ, ಲೆಕ್ಕಕ್ಕೆ.)

ಹಿಪ್ಪುನೇರಳೆ

ತಂಗಿ, ಕೇಳಬಾರದ್ದನ್ನೇ ಕೇಳಿದಿರಿ. ಎರಡು ಹಸು ಇದೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಬೇಕು. ಹಸುಗೆ ಜ್ವರದ ರಜೆ ಇಲ್ಲ. ಸಂಜೆ ಡೈರಿ ಮುಂದೆ ಕ್ಯಾನು ಇಟ್ಟುಕೊಂಡು ಸಾಲಲ್ಲಿ ನಿಂತಾಗ ಹೆಂಗಸರೆಲ್ಲ ನಗಾಡಿಕೊಂಡು ಮಾತಾಡುತ್ತಿರುತ್ತಾರೆ. ಹಾಲು ಅಳೆಸಿ ಆದಮೇಲೂ ಬೇಗ ಮನೆಗೆ ಬರುವುದಿಲ್ಲ. ‘ಸಾಲು ಉದ್ದ ಇತ್ತು’ ಅನ್ನುತ್ತಾಳೆ. ನಾನೂ ಹೂಂ ಅನ್ನುತ್ತೇನೆ.

ನೈಟ್_ಶಿಫ್ಟ್

ನಂಜನಗೂಡು ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ನನ್ನ ಕೆಲಸ. ವಾರಕ್ಕೊಂದು ಶಿಫ್ಟ್. ಬೆಳಗಿನ ಜಾವ 4ಕ್ಕೆ ದಿನ ಶುರು ಅಂದರೆ ನನಗೆ ನಗು ಬರುತ್ತದೆ. ಆಗ ನನ್ನದು ಎರಡನೇ ಟೀ.

ನನಗೆ ಬಿಡುವು ಇಲ್ಲ ಅಂತಲ್ಲ. ಮಧ್ಯಾಹ್ನ ಎರಡರಿಂದ ಎಂಟರವರೆಗೆ ಇದೆ. ಆದರೆ ಆಗ ಹೆಂಡತಿ ಕೆಲಸದಲ್ಲಿ, ಮಗ ಸ್ಕೂಲಿನಲ್ಲಿ, ಸ್ನೇಹಿತರು ಬೇರೆ ಶಿಫ್ಟಿನಲ್ಲಿ. ಒಬ್ಬನೇ ಎಷ್ಟು ಅಂತ ಕೂರುವುದು? ಫೋನು ತಾನಾಗೇ ಕೈಗೆ ಬರುತ್ತದೆ.

2023ರಲ್ಲಿ ನಮ್ಮ ರಾಜ್ಯದಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು, ವಾರಕ್ಕೆ 48 ದಾಟಬಾರದು ಅಂದರು. ‘ನಾಲ್ಕು ದಿನ ಕೆಲಸ, ಮೂರು ದಿನ ರಜೆ, ಮಜಾ ಅಲ್ವಾ’ ಅಂತ ಮೈದುನ ಕೇಳಿದ. ಲೆಕ್ಕದಲ್ಲಿ ಮಜಾನೇ. ಎಂಟು ಗಂಟೆ ನಿಂತು ಬಂದ ಮಾರನೇ ದಿನವೇ ನಾನು ಸಂಜೆವರೆಗೆ ಮನುಷ್ಯನ ಹಾಗಿರುವುದಿಲ್ಲ. ಹನ್ನೆರಡು ನಿಂತರೆ ಮೂರು ರಜೆಯಲ್ಲಿ ಒಂದನ್ನು ಮೊಣಕಾಲು ತಗೊಳ್ಳುತ್ತದೆ.

ಕುವೆಂಪುನಗರ_ಕಾಫಿ

ಎಲ್ಲರದ್ದೂ ಓದುತ್ತಿದ್ದೇನೆ. ಆ ಸಮೀಕ್ಷೆಯಲ್ಲೇ ಇನ್ನೊಂದು ಅಂಕಿ ಕಣ್ಣಿಗೆ ಬಿತ್ತು. ಆರು ವರ್ಷ ಮೇಲ್ಪಟ್ಟವರು ಮನರಂಜನೆ, ಟಿವಿ, ಫೋನು, ಆಟೋಟ ಇವಕ್ಕೆ ಕಳೆಯುವ ಸಮಯ 2019ರಲ್ಲಿ ದಿನದ ಶೇ. 9.9 ಇತ್ತು, 2024ರಲ್ಲಿ ಶೇ. 11. ಬಿಡುವು ಜಾಸ್ತಿ ಆಗಿದೆ ಅಂತ ಕಾಗದ ಹೇಳುತ್ತದೆ. ಯಾರನ್ನು ಕೇಳಿದರೂ ಪುರುಸೊತ್ತಿಲ್ಲ. ಎರಡೂ ಸುಳ್ಳಲ್ಲ ಅಂತ ನನ್ನ ಅನುಮಾನ. 53 ಸಾಲು ಇದ್ದರೂ ನನಗೆ ಗೊತ್ತಾಗಿರಲಿಲ್ಲವಲ್ಲ.

ಒಂದು ಪ್ರಶ್ನೆ. ಫೋನಿಗೆ ಆಪ್ ಟೈಮರ್ ಹಾಕಿದವರು ಇದ್ದೀರಾ? ನಾನು ವಿಡಿಯೋ ಆಪಿಗೆ ಅರ್ಧ ಗಂಟೆ ಟೈಮರ್ ಹಾಕಿದೆ. ಸಮಯ ಮುಗಿದ ತಕ್ಷಣ ಐಕಾನು ಬೂದು ಬಣ್ಣ ಆಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಟೈಮರನ್ನೇ ತೆಗೆದುಹಾಕಲು ನನಗೆ ಹತ್ತು ಸೆಕೆಂಡು ಸಾಕು. ಬೀಗ ನನ್ನದೇ, ಕೀನೂ ನನ್ನದೇ.

ಪಾಸ್_ಗ್ಯಾಂಗ್

ಟೈಮರ್ ಕೆಲಸ ಮಾಡಲ್ಲ ಸರ್. ನಾನು ಪರದೆಯನ್ನೇ ಕಪ್ಪು ಬಿಳುಪು ಮಾಡಿಟ್ಟಿದ್ದೇನೆ, ಬೆಡ್‌ಟೈಮ್ ಮೋಡ್ ಅಂತ ಇದೆ ನೋಡಿ. ರೀಲ್ಸು ದೂರದರ್ಶನದ ಹಳೇ ವಾರ್ತೆ ಥರ ಕಾಣುತ್ತದೆ. ಬೇಜಾರಾಗಿ ಅದೇ ಬಿಟ್ಟುಹೋಗುತ್ತದೆ.

ಮೂರನೇ_ವಿಷಲ್

ಫೋನನ್ನು ಫ್ರಿಜ್ ಮೇಲೆ ಇಡಿ. ಎತ್ತರ ಇದೆ, ಕೂತುಕೊಂಡು ನೋಡಲು ಆಗುವುದಿಲ್ಲ. ಬೇಕಿದ್ದರೆ ಅಲ್ಲೇ ನಿಂತು ನೋಡಲಿ. ಹೇಗೂ ಅಡುಗೆಮನೆಯಲ್ಲಿ ನಿಂತಿರುತ್ತಾರಲ್ಲ, ಅನ್ನಕ್ಕೆ ಇಡಲು ಹೇಳಬಹುದು.

ಕೆರೆ_ಏರಿ

ಎಲ್ಲರೂ ಬಿಡುವನ್ನು ಉಪಯೋಗಕ್ಕೆ ತರುವ ಮಾತಾಡುತ್ತಿದ್ದೀರಿ. ನನಗೆ ಸ್ವಲ್ಪ ಕಸಿವಿಸಿ. ಬಿಡುವಿನಿಂದ ಏನೂ ಸಾಧಿಸಬಾರದು ಅಂತ ನನ್ನ ಪಕ್ಷ. ಆರು ತಿಂಗಳ ಆ ಬೇಜಾರು ಕಳೆದ ಮೇಲೆ ನಾನು ಮಾಡಿದ್ದು ಇಷ್ಟೇ. ಭಾನುವಾರ ಸಂಜೆ ಏಳಕ್ಕೆ ಅರಮನೆ ದೀಪ ಹತ್ತಿಸುವಾಗ ಮೊಮ್ಮಗನ ಜೊತೆ ಹೋಗಿ ನಿಲ್ಲುತ್ತೇನೆ. ಪ್ರತಿ ವಾರ. ಅದೇ ಅರಮನೆ, ಅದೇ ಸುಮಾರು ಒಂದು ಲಕ್ಷ ಬಲ್ಬು. ಹೋಗುವ ದಾರಿಯಲ್ಲಿ ದೊಡ್ಡ ಗಡಿಯಾರದ ಹತ್ತಿರ ಅವನಿಗೆ ಕನ್ನಡ ಅಂಕಿ ಓದಿಸುತ್ತೇನೆ. 1927ರ ಗಡಿಯಾರ, ಅದರ ಮುಖದಲ್ಲಿ ೧, ೨, ೩ ಅಂತ ಇದೆ. ಮೂರು ವಾರ ಆದಮೇಲೆ ಅವನು ೭ನ್ನೂ ೬ನ್ನೂ ಅದಲು ಬದಲು ಮಾಡುವುದು ಬಿಟ್ಟ. ಇದನ್ನು ಸಾಧನೆ ಅಂತ ಬರೆದುಕೊಳ್ಳಬೇಡಿ ದಯವಿಟ್ಟು.

ಸುಮ್ನೆ_ಬಂದೆ

ಮೇಷ್ಟ್ರೇ, ಪಾಠ ಮಾಡಿದಿರಲ್ಲ, ಸಿಕ್ಕಿಬಿದ್ದಿರಿ.

ಕುವೆಂಪುನಗರ_ಕಾಫಿ (ಮೂರು ವಾರದ ನಂತರ)

ನಿಮ್ಮೆಲ್ಲರ ಮಾತು ಓದಿ ಇನ್ನೊಂದು ವಾರ ಬರೆದೆ. ಅದೇ 336 ಸಾಲು.

ನಿದ್ದೆ, ಆಫೀಸು, ಓಡಾಟ, ಊಟ ಹಾಗೇ ಇವೆ. ಅವನ್ನು ಅಲ್ಲಾಡಿಸಲು ಆಗಲಿಲ್ಲ. ಫೋನು ಮತ್ತು ಟಿವಿ 53ರಿಂದ 33ಕ್ಕೆ ಇಳಿದಿದೆ. ಮನೆಕೆಲಸ 11ರಿಂದ 24ಕ್ಕೆ ಏರಿದೆ. ಸೋಮವಾರ, ಬುಧವಾರ, ಶುಕ್ರವಾರ ರಾತ್ರಿ ಅಡುಗೆ ನನ್ನದು. ಶನಿವಾರ ಸಂಜೆ ಎರಡು ಗಂಟೆ ಅವಳದು, ಯಾರೂ ಏನೂ ಕೇಳುವ ಹಾಗಿಲ್ಲ. ‘ಉಳಿದದ್ದು’ 22 ಇದ್ದದ್ದು 17.

ಹೊಸದಾಗಿ ಒಂದು ಕಾಲಂ ಮಾಡಿದ್ದೇನೆ. ಒಂದೇ ಸಮ ನಾಲ್ಕು ಸಾಲಿನ ಬಿಡುವು. ಮೂರು ಸಲ ಸಿಕ್ಕಿತು, ಅಂದರೆ 12. ಒಂದು ಸಲ ಮಗಳ ಜೊತೆ ಚಾಮುಂಡಿ ಬೆಟ್ಟ, ಮೆಟ್ಟಿಲು ಹತ್ತಿ. ನಂದಿ ಹತ್ತಿರ ನಾನು ಕೂತೆ, ಅವಳು ಮೇಲೆ ಹೋಗಿ ಬಂದಳು. ಒಂದು ಸಲ ಹಳೇ ರೇಡಿಯೋ ಬಿಚ್ಚಿಟ್ಟುಕೊಂಡು ಕೂತೆ. ಸರಿಹೋಗಲಿಲ್ಲ. ಇನ್ನೊಂದು ಸಲ ಮಂಡ್ಯಕ್ಕೆ, ಆ ಚಿಕ್ಕಪ್ಪನ ಮಗನ ಮನೆಗೆ. ‘ಏನು, ಪುರುಸೊತ್ತಾಯ್ತಾ’ ಅಂದ. ಸುಮ್ಮನಿದ್ದೆ.

ಅಕೌಂಟೆಂಟ್ ಆಗಿ ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲ ವಾರ ಬಿಡುವು 53 ಸಾಲು. ಈಗ 33 ಮತ್ತು 12 ಸೇರಿ 45. ಎಂಟು ಸಾಲು ನಷ್ಟ. ಆದರೂ ಈ ವಾರ ಏನು ಮಾಡಿದೆ ಅಂತ ಕೇಳಿದರೆ ಪುಸ್ತಕ ನೋಡದೆ ಹೇಳಬಲ್ಲೆ.

ಹಾಂ, ಈಳಿಗೆಮಣೆಗೆ ಸಾಣೆ ಹಿಡಿಸಿದೆ. ಹತ್ತು ನಿಮಿಷದ ಕೆಲಸ.

ಕುವೆಂಪುನಗರ_ಕಾಫಿ

ನಾನು ಇವರ ಹೆಂಡತಿ. ಫೋನು ಫ್ರಿಜ್ ಮೇಲಿತ್ತು, ತೆಗೆದುಕೊಂಡೆ. ಲೆಕ್ಕದಲ್ಲಿ ಸ್ವಲ್ಪ ತಪ್ಪಿದೆ.

ಮನೆಕೆಲಸ 24 ಸಾಲು ಅಂತ ಬರೆದಿದ್ದಾರೆ. ಅದರಲ್ಲಿ ನಾಲ್ಕು ಸಾಲಿನಷ್ಟು ‘ಇಂಗು ಎಲ್ಲಿದೆ’, ‘ಸಾರಿನ ಪುಡಿ ಯಾವ ಡಬ್ಬಿ’ ಅಂತ ನನ್ನನ್ನು ಕರೆದದ್ದು. ಆ ಸಾಲು ನನ್ನ ಪುಸ್ತಕಕ್ಕೂ ಬರಬೇಕು. ಬುಧವಾರ ಮಾಡಿದ ಹುಳಿ ಚೆನ್ನಾಗಿತ್ತು, ಅದು ನಿಜ. ಈಳಿಗೆಮಣೆಯನ್ನು ಎಷ್ಟು ಹರಿತ ಮಾಡಿಸಿದ್ದಾರೆ ಅಂದರೆ ಮೊದಲ ದಿನವೇ ಬೆರಳು ಕೊಯ್ದುಕೊಂಡರು, ಬ್ಯಾಂಡೇಜ್ ಸುತ್ತಿದ್ದು ನಾನು, ಅದನ್ನೂ ಬರೆದಿಲ್ಲ.

ಮೂರನೇ ವಿಷಲ್ ಅಕ್ಕ, ನಿಮಗೆ ಒಂದು ಗುಟ್ಟು. ಶನಿವಾರದ ಎರಡು ಗಂಟೆ ಇವರು ಈಗ ಕೊಟ್ಟದ್ದು. ಅದಕ್ಕೂ ಮುಂಚೆಯಿಂದ ನನ್ನದೊಂದು ಇದೆ, ಯಾವ ನೋಟ್‌ಬುಕ್ಕಲ್ಲೂ ಬರೆದಿಲ್ಲ. ಸಂಜೆ ಬಟ್ಟೆ ತೆಗೆಯಲು ಟೆರೇಸಿಗೆ ಹೋಗುತ್ತೇನಲ್ಲ, ಬಟ್ಟೆ ತೆಗೆಯಲು ಐದು ನಿಮಿಷ ಸಾಕು. ಕೆಳಗೆ ಬರುವುದು ಇಪ್ಪತ್ತೈದು ನಿಮಿಷದ ಮೇಲೆ. ‘ಯಾಕೆ ಇಷ್ಟು ಹೊತ್ತು’ ಅಂತ ಕೇಳಿದರೆ ಕ್ಲಿಪ್ಪು ಕೆಳಗೆ ಬಿದ್ದಿತ್ತು ಅನ್ನುತ್ತೇನೆ.

ಈಗ ಇವರು ಇದನ್ನು ಓದುತ್ತಾರೆ. ಓದಲಿ. ಮೇಲೆ ಬರದಿದ್ದರೆ ಸಾಕು.